ಮೊಡವೆಯ ಮುಖಕ್ಕೆ ಯಾವ ಮಣ್ಣು?

ಹದಿಹರೆಯದ ಮಕ್ಕಳಿರುವ ಮನೆಗಳಲ್ಲಿ ಮೊಡವೆಯ ಚಿಂತೆ ಹೊಸದಲ್ಲ. ದಿನಕ್ಕೆ ಹಲವು ಬಾರಿ ಮುಖ ತೊಳೆಯುವುದು, ಕಂಡವರು ಹೇಳಿದ್ದನ್ನೆಲ್ಲ ಹಚ್ಚುವುದು, ಕೊನೆಗೆ ಕಲೆ ಉಳಿಸಿಕೊಂಡು ಕೊರಗುವುದು ಇವನ್ನು ನಾವೆಲ್ಲರೂ ಕಂಡಿದ್ದೇವೆ. ಜಿಡ್ಡಿನ ಚರ್ಮಕ್ಕೆ ಮಣ್ಣಿನ ಲೇಪ ಹಿತಕರವೇ ಸರಿ. ಆದರೆ ಅದರ ಮಿತಿಯನ್ನರಿತು ಬಳಸಬೇಕು.

ಪ್ರಾಯಕ್ಕೆ ಬರುವಾಗ ಹಾರ್ಮೋನುಗಳ ಪ್ರಭಾವದಿಂದ ಚರ್ಮದ ಗ್ರಂಥಿಗಳು ಹೆಚ್ಚು ಜಿಡ್ಡನ್ನು ಸ್ರವಿಸುತ್ತವೆ. ಅದರೊಡನೆ ಸತ್ತ ಜೀವಕೋಶಗಳು ಸೇರಿ ರೋಮಕೂಪದ ಬಾಯಿ ಮುಚ್ಚಿಕೊಳ್ಳುತ್ತದೆ. ಒಳಗೆ ಬ್ಯಾಕ್ಟೀರಿಯಾ ಬೆಳೆದು ಬಾವು ಬರುತ್ತದೆ. ಮಣ್ಣು ಮೇಲಿನ ಜಿಡ್ಡನ್ನು ಹೀರಬಲ್ಲದೇ ಹೊರತು ಒಳಗಿನ ಗ್ರಂಥಿಯನ್ನು ತಡೆಯಲಾರದು.

ಅಂಗಡಿಗಳಲ್ಲಿ ಮುಖ್ಯವಾಗಿ ಮೂರು ಬಗೆಯ ಮಣ್ಣು ದೊರೆಯುತ್ತವೆ. ನಮಗೆಲ್ಲ ಪರಿಚಿತವಾದುದು ಮುಲ್ತಾನಿ ಮಿಟ್ಟಿ. ಹಿಂದಿನ ಕಾಲದಲ್ಲಿ ಉಣ್ಣೆಯ ಜಿಡ್ಡು ತೆಗೆಯಲು ಬಳಸುತ್ತಿದ್ದುದು ಈ ಜಾತಿಯ ಮಣ್ಣನ್ನೇ. ತುಂಬಾ ಜಿಡ್ಡಿರುವ ಮುಖಕ್ಕೆ ಇದು ಒಪ್ಪುತ್ತದೆ. ಜ್ವಾಲಾಮುಖಿಯ ಬೂದಿಯಿಂದ ಉಂಟಾದ ಬೆಂಟೊನೈಟ್ ನೀರು ಹೀರಿ ಉಬ್ಬುವಂಥದು, ಇದೂ ಪ್ರಬಲವೇ. ಕೇಯೊಲಿನ್ ಎಂಬ ಬಿಳಿಯ ಮಣ್ಣು ಸೌಮ್ಯವಾದುದು. ಹಣೆ, ಮೂಗು ಜಿಡ್ಡಾಗಿ ಕೆನ್ನೆ ಒಣಗಿರುವವರು, ಬೇಗ ಕೆಂಪಾಗುವ ಚರ್ಮದವರು ಇದನ್ನೇ ಆರಿಸಿಕೊಳ್ಳುವುದು ಲೇಸು.

ಕೊಳ್ಳುವಾಗ ಪೊಟ್ಟಣದ ಮೇಲೆ ಮಣ್ಣಿನ ಹೆಸರು, ತಯಾರಿಕೆಯ ಪರವಾನಗಿ ಸಂಖ್ಯೆ, ಬಳಕೆಯ ಅವಧಿ ಇವೆಯೇ ಎಂದು ನೋಡೋಣ. ಸುಗಂಧ ಬೆರೆಸಿದ್ದು ಬೇಡ. ಹೊಲದ ಮಣ್ಣನ್ನಾಗಲಿ ಹುತ್ತದ ಮಣ್ಣನ್ನಾಗಲಿ ಒಡೆದ ಮೊಡವೆಗೆ ಹಚ್ಚಲೇಬಾರದು; ಅದರಲ್ಲಿ ಧನುರ್ವಾಯುವಿನ ರೋಗಾಣುಗಳಿರಬಹುದು.

ಮೊದಲು ಮೊಣಕೈಯ ಒಳಭಾಗದಲ್ಲಿ ಸ್ವಲ್ಪ ಹಚ್ಚಿ ಒಂದು ದಿನ ಕಾಯಬೇಕು. ತುರಿಕೆ ಬಾರದಿದ್ದರೆ ನೀರಿನಲ್ಲಿ ಇಲ್ಲವೆ ಶುದ್ಧ ಪನ್ನೀರಿನಲ್ಲಿ ಕಲಸಿ, ಕಣ್ಣು ತುಟಿಗಳ ಸುತ್ತ ಬಿಟ್ಟು, ತೆಳುವಾಗಿ ಲೇಪಿಸಬೇಕು. ನಿಂಬೆರಸ, ಅಡುಗೆ ಸೋಡಾ ಬೆರೆಸುವುದು ಸಲ್ಲದು. ನಿಂಬೆರಸ ಹಚ್ಚಿದ ಚರ್ಮ ಬಿಸಿಲು ತಾಗಿದರೆ ಕಪ್ಪಾಗುವುದುಂಟು.

ಲೇಪ ಬಿರುಕು ಬಿಡುವಷ್ಟು ಒಣಗಿದರೆ ಗುಣ ಹೆಚ್ಚೆಂಬ ನಂಬಿಕೆ ನಮ್ಮಲ್ಲಿದೆ. ಅದು ತಪ್ಪು. ಹತ್ತು ನಿಮಿಷದೊಳಗೆ, ಇನ್ನೂ ತುಸು ಹಸಿಯಿರುವಾಗಲೇ, ಉಜ್ಜದೆ ನೀರಿನಲ್ಲಿ ನೆನೆಸಿ ತೊಳೆಯಬೇಕು. ಬಳಿಕ ಜಿಡ್ಡಿಲ್ಲದ ತೇವಕಾರಕ ಹಚ್ಚಬೇಕು. ವಾರಕ್ಕೆ ಒಮ್ಮೆ, ಹೆಚ್ಚೆಂದರೆ ಎರಡು ಬಾರಿ ಸಾಕು. ವೈದ್ಯರು ಮೊಡವೆಗೆ ಮುಲಾಮು ಕೊಟ್ಟಿದ್ದರೆ ಅವರನ್ನು ಕೇಳಿಯೇ ಲೇಪ ಬಳಸಬೇಕು. ಅಂಥ ಮುಲಾಮುಗಳಲ್ಲಿ ಹಲವು ಮೊದಲೇ ಚರ್ಮವನ್ನು ಒಣಗಿಸುತ್ತವೆ.

ಗಂಟುಗಟ್ಟಿ ನೋಯುವ ಮೊಡವೆಗೆ ಮಣ್ಣು ಮದ್ದಲ್ಲ. ಅದನ್ನು ಹಾಗೆಯೇ ಬಿಟ್ಟರೆ ಗುಳಿಬಿದ್ದ ಕಲೆಗಳು ಬಾಳೆಲ್ಲ ಉಳಿಯಬಹುದು. ಬೇಗ ಬೆಳ್ಳಗಾಗುವ ಆಸೆಗೆ ಸ್ಟೀರಾಯ್ಡ್ ಕ್ರೀಮು ಹಚ್ಚಿ ಮೊಡವೆ ಹೆಚ್ಚಿಸಿಕೊಂಡವರೂ ಇದ್ದಾರೆ. "ವಯಸ್ಸಿನದು, ತಾನೇ ಹೋಗುತ್ತದೆ" ಎಂದು ಹಿರಿಯರಾದ ನಾವು ಸುಮ್ಮನಾಗದೆ, ಸಕಾಲದಲ್ಲಿ ಮಕ್ಕಳನ್ನು ಚರ್ಮವೈದ್ಯರ ಬಳಿಗೆ ಕರೆದೊಯ್ಯೋಣ.