ಮನೆಗೊಂದು ವೆಲ್ಡಿಂಗ್ ಮಿಷನ್ ತರ್ತೀರಾ? ದುಡ್ಡು ಕೊಡೋ ಮೊದಲು ಇಷ್ಟು ತಿಳ್ಕೊಳ್ಳಿ

ಕನಕಪುರ: ಹುಳ ನಾಲ್ಕನೇ ಜ್ವರ ಎದ್ದು ಜೋರಾಗಿ ಸೊಪ್ಪು ತಿನ್ನೋ ಹೊತ್ತಿಗೆ ಸರಿಯಾಗಿ ಸ್ಟ್ಯಾಂಡಿನ ಕಾಲು ಮುರಿದರೆ ಏನು ಮಾಡ್ತೀರಿ? ಹೋದ ವರ್ಷ ನಮ್ಮನೇಲಿ ಆಗಿದ್ದು ಅದೇ. ವೆಲ್ಡಿಂಗ್ ಶಾಪಿನ ಅಣ್ಣನಿಗೆ ಫೋನ್ ಮಾಡಿದ್ರೆ "ಕೈತುಂಬಾ ಕೆಲ್ಸ ಐತೆ ಕಣಪ್ಪ, ನಾಳಿದ್ದು ಬತ್ತೀನಿ" ಅಂದರು. ನಾಳಿದ್ದಿನವರೆಗೆ ಹುಳ ಕಾಯುತ್ತಾ? ಇಟ್ಟಿಗೆ ಜೋಡಿಸಿ ಹೆಂಗೋ ಆ ಬೆಳೆ ದಾಟಿಸಿದೆವು. ಗೂಡು ಮಾರಿದ ದುಡ್ಡಲ್ಲಿ ಆರೂವರೆ ಸಾವಿರ ಕೊಟ್ಟು ನಾನೇ ಒಂದು ಸಣ್ಣ ಮಿಷನ್ ತಂದೆ. ತಂದ ದಿನ ರಾತ್ರಿಯೇ ಕಣ್ಣು ಸುಟ್ಟುಕೊಂಡೆ. ಆ ಕಥೆ ಮುಂದೆ ಹೇಳ್ತೀನಿ.

ಈಗ ಮಾಗಡಿ, ಚನ್ನಪಟ್ಟಣ, ರಾಮನಗರದ ಕಡೆಯಿಂದಲೂ ಗೆಳೆಯರು "ಯಾವ್ದು ತಗೊಳ್ಳಲಿ?" ಅಂತ ಕೇಳ್ತಾರೆ. ಎಲ್ಲರಿಗೂ ಒಂದೇ ಸಲ ಉತ್ತರ ಇಲ್ಲಿದೆ.

ಯಾವ ಮಿಷನ್?

ಶಾಪ್‌ಗಳಲ್ಲಿ ಇರುತ್ತಿದ್ದ ಹಳೇ ಟ್ರಾನ್ಸ್‌ಫಾರ್ಮರ್ ಮಿಷನ್ ಎತ್ತೋಕೆ ಇಬ್ಬರು ಬೇಕು. ಮನೆಗೆ ಬೇಕಾಗಿರೋದು ಇನ್ವರ್ಟರ್ ಮಿಷನ್. ತೂಕ ಐದಾರು ಕೆಜಿ, ಹೆಗಲಿಗೆ ಹಾಕ್ಕೊಂಡು ತೋಟಕ್ಕೂ ಹೋಗಬಹುದು. ಗ್ಯಾಸ್ ಇಲ್ಲದೆ ವೈರ್ ಸುರುಳಿಯಲ್ಲಿ ನಡೆಯುವ ಮಿಷನ್‌ಗಳೂ ಬಂದಿವೆ. ಆದರೆ ಆ ವೈರ್ ದುಬಾರಿ, ಹಳ್ಳಿಯ ಅಂಗಡಿಯಲ್ಲಿ ಸಿಗೋದೂ ಕಷ್ಟ. ತುಕ್ಕು ಹಿಡಿದ ಗೇಟು, ನೇಗಿಲು, ದನದ ಕೊಟ್ಟಿಗೆ ಅಂದ್ರೆ ರಾಡ್ ಮಿಷನ್ನೇ ವಾಸಿ.

ಮೇಲೆ ದಪ್ಪಕ್ಷರದಲ್ಲಿ ಬರೆದಿರೋ 200, 250 ಅನ್ನೋ ನಂಬರ್ ನೋಡಿ ಮರುಳಾಗಬೇಡಿ. ಮನೆಯ 16 ಆಂಪ್ಸ್ ಪಾಯಿಂಟಿನಲ್ಲಿ ಅಷ್ಟು ಬರೋದೇ ಇಲ್ಲ. ಲೆಕ್ಕ ಸರಳ. 80 ಆಂಪ್ಸ್‌ನಲ್ಲಿ ವೆಲ್ಡ್ ಮಾಡಿದರೆ ಮಿಷನ್ ಗೋಡೆಯ ಪಾಯಿಂಟಿಂದ ಹೆಚ್ಚೂ ಕಡಿಮೆ 10ರಿಂದ 14 ಆಂಪ್ಸ್ ಎಳೆಯುತ್ತೆ. 200ಕ್ಕೆ ತಿರುಗಿಸಿದರೆ 25 ಆಂಪ್ಸ್‌ಗೂ ಮೇಲೆ ಬೇಕು. ಆಗ ಎಂಸಿಬಿ ಬೀಳುತ್ತೆ, ಬೀಳದಿದ್ದರೆ ವೈರ್ ಸುಡುತ್ತೆ. ಎರಡನೇದು ಇನ್ನೂ ಕೆಟ್ಟದ್ದು.

ಅದರ ಬದಲು ಡ್ಯೂಟಿ ಸೈಕಲ್ ಕೇಳಿ. 60 ಪರ್ಸೆಂಟ್ ಅಂದರೆ 10 ನಿಮಿಷದಲ್ಲಿ 6 ನಿಮಿಷ ಕೆಲಸ, 4 ನಿಮಿಷ ವಿಶ್ರಾಂತಿ. ಅದು ಎಷ್ಟು ಆಂಪ್ಸ್‌ನಲ್ಲಿ ಅಂತಲೂ ಕೇಳಿ. ಜೊತೆಗೆ ಕೊಡೋ ಕೇಬಲ್, ಹೋಲ್ಡರ್, ಅರ್ಥಿಂಗ್ ಕ್ಲಾಂಪ್ ಹಿಡಿದು ನೋಡಿ. ಕಡಿಮೆ ಬೆಲೆಯವರು ದುಡ್ಡು ಉಳಿಸೋದು ಅಲ್ಲೇ. ಕೊನೇದಾಗಿ, ಕೆಟ್ಟರೆ ಯಾರು ರಿಪೇರಿ ಮಾಡ್ತಾರೆ? ಆನ್‌ಲೈನಲ್ಲಿ ಐನೂರು ಉಳಿಸಿ, ಬೋರ್ಡ್ ಹೋದಾಗ ಬೆಂಗಳೂರಿಗೆ ಅಲೆಯೋದು ಲಾಭ ಅಲ್ಲ.

ಕರೆಂಟ್ ವಿಷಯ

ಪವರ್ ಪಾಯಿಂಟ್‌ಗೆ ದಪ್ಪ ತಾಮ್ರದ ವೈರ್ ಇರಬೇಕು, ಅರ್ಥಿಂಗ್ ಸರಿ ಇರಬೇಕು. ಎಕ್ಸ್‌ಟೆನ್ಷನ್ ಬೇಕಾದರೆ ಕನಿಷ್ಠ 2.5 ಚದರ ಮಿಮೀ ತಾಮ್ರದ್ದೇ ತಗೊಳ್ಳಿ. ಸುರುಳಿ ಪೂರ್ತಿ ಬಿಚ್ಚಿ, ಸುತ್ತಿದ ಸುರುಳಿ ಬಿಸಿಯಾಗಿ ಕರಗುತ್ತೆ. ಸಂಜೆ ಹೊತ್ತು ವೋಲ್ಟೇಜ್ ಇಳಿದಾಗ ರಾಡ್ ಸುಮ್ಮನೆ ಅಂಟಿಕೊಳ್ಳುತ್ತೆ. ಆಗ ಮಿಷನ್ ಬೈಯೋದು ಬಿಟ್ಟು ಬೆಳಗ್ಗೆ ಮಾಡಿ.

ಇನ್ನೊಂದು ಮಾತು. ತೋಟದಲ್ಲಿದ್ದೀವಿ ಅಂತ ಪಂಪ್‌ಸೆಟ್ ಲೈನಿಗೆ ಮಿಷನ್ ಕೊಡೋದು ತಪ್ಪು. ಆ ಉಚಿತ ಕರೆಂಟ್ ಇರೋದು ನೀರೆತ್ತೋಕೆ. 2003ರ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ಬೇರೆ ಉದ್ದೇಶಕ್ಕೆ ಬಳಸಿದರೆ ಅನಧಿಕೃತ ಬಳಕೆ, ದಂಡ ಬೀಳುತ್ತೆ. ಮನೆ ಮೀಟರ್‌ನಲ್ಲಿ ನಿಮ್ಮ ಗೇಟು ನೀವು ಸರಿ ಮಾಡ್ಕೊಳ್ಳಿ. ಊರವರ ಕೆಲಸ ದುಡ್ಡಿಗೆ ಮಾಡೋದಾದರೆ ಅದಕ್ಕೆ ಯಾವ ಕನೆಕ್ಷನ್ ಬೇಕು ಅಂತ ಬೆಸ್ಕಾಂನಲ್ಲಿ ಕೇಳಿ. ಬಿಲ್ಲಿನ ಮೇಲೆ ಮಂಜೂರಾದ ಲೋಡ್ ಎಷ್ಟು ಅಂತ ಬರೆದಿರುತ್ತೆ, ಅದನ್ನೂ ಒಮ್ಮೆ ನೋಡಿ.

ನನ್ನ ಕಣ್ಣಿನ ಕಥೆ

ಮೊದಲ ದಿನ ನಾನು ಕೂಲಿಂಗ್ ಗ್ಲಾಸ್ ಹಾಕ್ಕೊಂಡು ಹತ್ತು ರಾಡ್ ಸುಟ್ಟೆ. ಏನೂ ಆಗಲಿಲ್ಲ ಅಂತ ಖುಷಿಯಾಗಿ ಮಲಗಿದೆ. ರಾತ್ರಿ ಎರಡು ಗಂಟೆಗೆ ಎಚ್ಚರ ಆದಾಗ ಕಣ್ಣಿಗೆ ಹಿಡಿ ಮರಳು ತುಂಬಿದ ಹಾಗೆ. ರೆಪ್ಪೆ ತೆಗೆಯೋಕಾಗ್ತಿಲ್ಲ, ನೀರು ನಿಲ್ತಿಲ್ಲ. ಅಮ್ಮ ಗಾಬರಿಯಾಗಿ ಅಳೋಕೆ ಶುರು ಮಾಡಿದ್ರು. ಪಕ್ಕದ ಮನೆ ಅಜ್ಜಿ ಎದೆಹಾಲು ಬಿಡಿ ಅಂದರು, ಇನ್ಯಾರೋ ಆಲೂಗಡ್ಡೆ ಅಂದರು. ಬೆಳಗ್ಗೆ ಡಾಕ್ಟರು ಹೇಳಿದ್ದು ಇಷ್ಟು: ಬಿಸಿಲಿಗೆ ಚರ್ಮ ಸುಡೋ ಹಾಗೆ, ವೆಲ್ಡಿಂಗ್ ಬೆಳಕಿನ ನೇರಳಾತೀತ ಕಿರಣಕ್ಕೆ ಕಣ್ಣಿನ ಕರಿಗುಡ್ಡೆಯ ಮೇಲ್ಪದರ ಸುಡುತ್ತೆ. ನೋವು ಕೆಲವು ಗಂಟೆ ಬಿಟ್ಟು ಬರುತ್ತೆ, ಅದಕ್ಕೇ ಜನ ಮೋಸ ಹೋಗ್ತಾರೆ. ಕಣ್ಣಿಗೆ ಏನೂ ಬಿಡಬೇಡಿ, ಸೀದಾ ಆಸ್ಪತ್ರೆಗೆ ಬನ್ನಿ.

ಎರಡು ದಿನಕ್ಕೆ ವಾಸಿಯಾಯ್ತು. ಆಮೇಲೆ ಆಟೋ ಡಾರ್ಕ್ ಹೆಲ್ಮೆಟ್ ತಂದೆ. ಅಷ್ಟು ಆಗದಿದ್ದರೆ ಕೈಯಲ್ಲಿ ಹಿಡಿಯೋ ಶೀಲ್ಡ್ ಸಾಕು, ಅದರ ಗ್ಲಾಸ್ 10 ಅಥವಾ 11 ನಂಬರ್ ಇರಬೇಕು. ಮಿಷನ್‌ಗೆ ಸಾವಿರ ಕಡಿಮೆ ಹಾಕಿ, ಶೀಲ್ಡ್‌ಗೆ ಹಾಕಿ. ನೋಡ್ತಾ ನಿಂತಿರೋ ಮಕ್ಕಳನ್ನ ಮೊದಲು ಒಳಗೆ ಕಳಿಸಿ. ತುಂಬು ತೋಳಿನ ಕಾಟನ್ ಶರ್ಟ್, ಚರ್ಮದ ಗ್ಲೌಸ್, ಶೂ ಹಾಕಿ. ಒದ್ದೆ ಕೈ, ಒದ್ದೆ ನೆಲ ಬೇಡ. ರಾಡ್ ತುದಿಯಲ್ಲಿ 60ರಿಂದ 80 ವೋಲ್ಟ್ ಇರುತ್ತೆ.

ಕಲಿಯೋದು ಹೆಂಗೆ?

ಗುಜರಿಯಿಂದ 5 ಮಿಮೀ ದಪ್ಪದ ಫ್ಲಾಟ್ ತುಂಡು ತನ್ನಿ. ತೆಳು ಚೌಕ ಪೈಪಿನಲ್ಲಿ ಶುರು ಮಾಡಬೇಡಿ, ತೂತು ಬಿದ್ದು ಬೇಜಾರಾಗುತ್ತೆ. ತುಕ್ಕು, ಪೇಂಟ್ ಗ್ರೈಂಡರ್‌ನಲ್ಲಿ ಕೆರೆದು ಕ್ಲಾಂಪ್ ಹಾಕಿ. 6013 ಅಂತ ಬರೆದಿರೋ ರಾಡ್ ಕಲಿಯೋರಿಗೆ ಸುಲಭ. 12 ಗೇಜ್ ಅಂದರೆ 2.5 ಮಿಮೀ, ಇದಕ್ಕೆ 60ರಿಂದ 90 ಆಂಪ್ಸ್. 10 ಗೇಜ್ ಅಂದರೆ 3.15 ಮಿಮೀ, ಇದಕ್ಕೆ 90ರಿಂದ 130. ಮನೆಗೆ 12 ಗೇಜ್ ಸಾಕು.

ಬೆಂಕಿಕಡ್ಡಿ ಗೀರಿದ ಹಾಗೆ ಗೀರಿ. ಬೆಳಕು ಹತ್ತಿದ ತಕ್ಷಣ ರಾಡ್ ದಪ್ಪದಷ್ಟೇ ಅಂತರ ಇಟ್ಟುಕೊಂಡು, ಹೋಗೋ ದಿಕ್ಕಿಗೆ ಸ್ವಲ್ಪ ವಾಲಿಸಿ ನಿಧಾನಕ್ಕೆ ಎಳೆಯಿರಿ. ಎಣ್ಣೇಲಿ ಬೋಂಡ ಬೇಯೋ ಸದ್ದು ಬರಬೇಕು. ರಾಡ್ ಅಂಟಿದರೆ ಗಾಬರಿಯಾಗದೆ ಪಕ್ಕಕ್ಕೆ ತಿರುಚಿ ಬಿಡಿಸಿ. ಬಿಡದಿದ್ದರೆ ಹೋಲ್ಡರ್‌ನಿಂದ ರಾಡ್ ಕಳಚಿ. ಬೆಳಕನ್ನ ನೋಡಬೇಡಿ, ಅದರ ಹಿಂದೆ ಕರಗಿದ ಕಬ್ಬಿಣದ ಗುಂಡಿ ನೋಡಿ. ಸ್ಲ್ಯಾಗ್ ಕೆರೆಯುವಾಗಲೂ ಕಣ್ಣಿಗೆ ಕನ್ನಡಕ ಇರಲಿ.

ಮೊದಲ ವಾರ ಬರೀ ಗೆರೆ ಎಳೀರಿ. ಆಮೇಲೆ ಎರಡು ತುಂಡು ಜೋಡಿಸಿ, ವೈಸ್‌ಗೆ ಕಚ್ಚಿಸಿ ಸುತ್ತಿಗೆಯಲ್ಲಿ ಬಡಿದು ಮುರೀರಿ. ಮುರಿದ ಜಾಗದಲ್ಲಿ ಕಬ್ಬಿಣದ ಹಳೇ ಅಂಚು ಹಂಗೇ ಕಂಡರೆ ಬೆಸುಗೆ ಮೇಲ್ಮೇಲೆ ಕೂತಿದೆ ಅಂತ ಅರ್ಥ. ಆಂಪ್ಸ್ ಐದೈದು ಏರಿಸಿ ನೋಡಿ. ಸರಿಯಾಗಿ ಕಲಿಯಬೇಕು ಅನ್ನೋರಿಗೆ ಐಟಿಐಯಲ್ಲಿ ಒಂದು ವರ್ಷದ ವೆಲ್ಡರ್ ಟ್ರೇಡ್ ಇದೆ. ನನ್ನ ಹಾಗೆ ಡಿಗ್ರಿ ಅರ್ಧಕ್ಕೆ ಬಿಟ್ಟವರು ಇದನ್ನ ಯೋಚಿಸಬಹುದು. ಬಿಡದಿ, ಹಾರೋಹಳ್ಳಿ ಕೈಗಾರಿಕಾ ಪ್ರದೇಶ ನಮ್ಮ ಪಕ್ಕದಲ್ಲೇ ಇವೆ.

ಎಲ್ಲಿ ಮಾಡಬಾರದು?

ಹುಳ ಇರುವಾಗ ಹುಳದ ಮನೆಯೊಳಗೆ ಬೇಡವೇ ಬೇಡ. ಹುಳಕ್ಕೆ ಹೊಗೆ ಆಗೋದಿಲ್ಲ. ಸ್ಟ್ಯಾಂಡ್ ದೂರಕ್ಕೆ ತಂದು ಮಾಡಿ. ಹುಲ್ಲಿನ ಮೆದೆ ಹತ್ತಿರ ಬೇಡ. ಚನ್ನಪಟ್ಟಣದ ಗೊಂಬೆ ಮಾಡೋ ಮನೆಗಳಲ್ಲಿ ಮರದ ಪುಡಿ, ಅರಗು ಎರಡೂ ಇರುತ್ತೆ, ಒಂದು ಕಿಡಿ ಸಾಕು. ಪೆಟ್ರೋಲ್ ಟ್ಯಾಂಕ್, ಹಳೇ ಡ್ರಮ್ ಖಾಲಿ ಕಂಡರೂ ಮುಟ್ಟಬೇಡಿ, ಒಳಗಿನ ಆವಿ ಸಿಡಿಯುತ್ತೆ. ಜಿಐ ಪೈಪಿನ ಸತುವಿನ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತೆ. ಲೇಪ ಕೆರೆದು, ಬಯಲಲ್ಲಿ, ಗಾಳಿ ಬೆನ್ನಿಗಿಟ್ಟು ಮಾಡಿ. ಟ್ರ್ಯಾಕ್ಟರ್ ಮೇಲೆ ಮಾಡುವಾಗ ಬ್ಯಾಟರಿ ವೈರ್ ಕಳಚಿ.

ಟ್ರೈಲರ್ ಕೊಂಡಿ, ಮೇಲಿನ ನೀರಿನ ಟ್ಯಾಂಕ್ ಸ್ಟ್ಯಾಂಡ್, ಮೆಟ್ಟಿಲು, ಮಕ್ಕಳ ಜೋಕಾಲಿ ಇವನ್ನ ಮಾತ್ರ ಈಗಲೂ ನಾನು ಮುಟ್ಟೋದಿಲ್ಲ. ಬಿಟ್ಟುಕೊಂಡರೆ ಜೀವ ಹೋಗೋ ಜಾಗ ಅವು. ಅದಕ್ಕೆ ಶಾಪಿನ ಅಣ್ಣನೇ ಬೇಕು, ನಾಳಿದ್ದು ಬಂದರೂ ಪರವಾಗಿಲ್ಲ.

ಸ್ಟ್ಯಾಂಡಿನ ಕಾಲು ಮಾತ್ರ ನಾನೇ ಬೆಸೆದೆ. ಬೆಸುಗೆ ನೋಡೋಕೆ ಸೆಗಣಿ ಮೆತ್ತಿದ ಹಾಗಿದೆ ಅಂತ ಅಪ್ಪ ನಗ್ತಾರೆ. ಆದ್ರೆ ಮೂರು ಬೆಳೆ ಆಯ್ತು, ಇನ್ನೂ ನಿಂತಿದೆ.