ಕಿರುಸಾಲಕ್ಕೆ ಹೆದರಿ ಊರು ಬಿಡಬೇಡಿ: ಸಾಲ ಪಡೆದವರಿಗೂ ಹಕ್ಕುಗಳಿವೆ

2025ರ ಜನವರಿಯಲ್ಲಿ ಚಾಮರಾಜನಗರ ಜಿಲ್ಲೆಯ ಹೆಗ್ಗವಾಡಿಪುರ, ದೇಶವಳ್ಳಿ ಮೊದಲಾದ ಹಳ್ಳಿಗಳ ಹೆಸರು ರಾಜ್ಯದ ಪತ್ರಿಕೆಗಳಲ್ಲೆಲ್ಲ ಬಂತು. ಮೈಕ್ರೋಫೈನಾನ್ಸ್ ಸಾಲದ ವಸೂಲಿಗೆ ಬಂದವರ ಕಾಟ ತಾಳಲಾರದೆ ಅನೇಕ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ತೊರೆದಿದ್ದವು. ನಮ್ಮ ಉಮ್ಮತ್ತೂರು ಇರುವುದೂ ಇದೇ ಜಿಲ್ಲೆಯಲ್ಲಿ. ಕೂಲಿ, ಸಣ್ಣ ವ್ಯಾಪಾರ, ಒಂದೆರಡು ಎಕರೆ ಬೇಸಾಯ ನಂಬಿದ ಮನೆಗಳಿಗೆ ಇಂಥ ಸಾಲ ಹೊಸದಲ್ಲ. ನಮ್ಮ ಸಮಾಜದ ಬಡ ಕುಟುಂಬಗಳೂ ಇದಕ್ಕೆ ಹೊರತಲ್ಲ. ಆದ್ದರಿಂದ ಸಾಲ ಪಡೆದವರಿಗೆ ಕಾನೂನು ಕೊಟ್ಟಿರುವ ರಕ್ಷಣೆ ಏನೆಂಬುದನ್ನು ಪ್ರತಿಯೊಂದು ಕುಟುಂಬವೂ ತಿಳಿದಿರಬೇಕು.

ಸಹಿ ಹಾಕುವ ಮೊದಲು

ವಾರ್ಷಿಕ ಆದಾಯ 3 ಲಕ್ಷ ರೂಪಾಯಿ ಮೀರದ ಕುಟುಂಬಕ್ಕೆ ಯಾವುದೇ ಅಡಮಾನವಿಲ್ಲದೆ ಕೊಡುವ ಸಾಲವೇ ಮೈಕ್ರೋಫೈನಾನ್ಸ್ ಸಾಲ. ಇದಕ್ಕೆ ಸಂಬಂಧಿಸಿದ ರಿಸರ್ವ್ ಬ್ಯಾಂಕಿನ ನಿಯಮಗಳು 2022ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಅವುಗಳ ಪ್ರಕಾರ, ಕುಟುಂಬದ ಎಲ್ಲ ಸಾಲಗಳ ತಿಂಗಳ ಕಂತುಗಳನ್ನು ಒಟ್ಟು ಸೇರಿಸಿದರೂ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ತಿಂಗಳಿಗೆ 14,000 ರೂಪಾಯಿ ಬರುವ ಮನೆಗೆ ಕಂತುಗಳ ಮಿತಿ 7,000 ರೂಪಾಯಿ. ಒಂದು ಸಾಲ ತೀರಿಸಲು ಇನ್ನೊಂದು ಸಾಲ ತರುವಾಗ ಈ ಲೆಕ್ಕ ನೆನಪಿರಲಿ.

ಬಡ್ಡಿ, ಶುಲ್ಕ, ವಿಮೆಯ ಹಣ ಎಲ್ಲವನ್ನೂ ಬರೆದ ಮಾಹಿತಿ ಪತ್ರವನ್ನೂ ಸಾಲದ ಕಾರ್ಡನ್ನೂ ನಿಮಗೆ ಅರ್ಥವಾಗುವ ಭಾಷೆಯಲ್ಲೇ ಕೊಡಬೇಕು. ಕನ್ನಡದಲ್ಲಿ ಕೇಳಿ ಪಡೆಯಿರಿ. ನಿಮ್ಮ ಒಪ್ಪಿಗೆ ಇಲ್ಲದೆ ವಿಮೆ ಅಥವಾ ಬೇರಾವ ವಸ್ತುವನ್ನೂ ಸಾಲದ ಜೊತೆ ಅಂಟಿಸುವಂತಿಲ್ಲ. ಅವಧಿಗೆ ಮೊದಲೇ ಸಾಲ ತೀರಿಸಿದರೆ ದಂಡ ಹಾಕುವಂತಿಲ್ಲ. ಕಂತು ತಡವಾದರೆ ಬಾಕಿ ಉಳಿದ ಕಂತಿನ ಮೇಲೆ ಮಾತ್ರ ದಂಡ, ಇಡೀ ಸಾಲದ ಮೇಲಲ್ಲ.

ಬಡ್ಡಿಯ ಲೆಕ್ಕದಲ್ಲೂ ಎಚ್ಚರ ಬೇಕು. 50,000 ರೂಪಾಯಿ ಸಾಲಕ್ಕೆ ‘ವರ್ಷಕ್ಕೆ ಶೇ. 12ರ ಫ್ಲಾಟ್ ಬಡ್ಡಿ’ ಎಂದರೆ 6,000 ರೂಪಾಯಿ ಬಡ್ಡಿ ಸೇರಿಸಿ 12 ಕಂತು ಮಾಡುತ್ತಾರೆ. ಆದರೆ ನೀವು ಪ್ರತಿ ತಿಂಗಳೂ ಅಸಲನ್ನು ತೀರಿಸುತ್ತಾ ಬರುವುದರಿಂದ ನಿಜವಾದ ಬಡ್ಡಿ ಸುಮಾರು ಶೇ. 21ರಷ್ಟಾಗುತ್ತದೆ. ‘ಉಳಿದ ಅಸಲಿನ ಮೇಲೆ ಬಡ್ಡಿ ಎಷ್ಟು?’ ಎಂದೇ ಕೇಳಿ.

ಫೋನ್ ಮಾಡಿ ‘ಸಾಲ ಮಂಜೂರಾಗಿದೆ, ಮೊದಲು ಶುಲ್ಕ ಕಟ್ಟಿ’ ಎನ್ನುವವರನ್ನು ನಂಬಬೇಡಿ. ಹೀಗೆ ಹಣ ಕಳೆದುಕೊಂಡರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ವಸೂಲಿಗೆ ಬಂದಾಗ

ವಸೂಲಿ ನಡೆಯಬೇಕಾದದ್ದು ಇಬ್ಬರೂ ಒಪ್ಪಿದ ಜಾಗದಲ್ಲಿ. ಸತತ ಎರಡು ಬಾರಿ ನೀವು ಅಲ್ಲಿಗೆ ಬಾರದಿದ್ದರೆ ಮಾತ್ರ ಮನೆಗೆ ಬರಬಹುದು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಕರೆ ಮಾಡುವಂತಿಲ್ಲ. ಬೈಯುವುದು, ಬೆದರಿಸುವುದು, ನೆಂಟರಿಷ್ಟರನ್ನೂ ಜೊತೆ ಕೆಲಸ ಮಾಡುವವರನ್ನೂ ಪೀಡಿಸುವುದು, ಸಾಲಗಾರರ ಹೆಸರು ಪ್ರಕಟಿಸುವುದು ಎಲ್ಲವೂ ನಿಷಿದ್ಧ.

2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಕಿರುಸಾಲ ವಸೂಲಿಯ ದೌರ್ಜನ್ಯ ತಡೆಯಲು ಸುಗ್ರೀವಾಜ್ಞೆ ತಂದಿತು. ಮುಂದೆ ಅದೇ ಕಾಯ್ದೆಯಾಯಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಇದರಲ್ಲಿ ಅವಕಾಶವಿದೆ. ಪೊಲೀಸರು ದೂರು ದಾಖಲಿಸಲು ನಿರಾಕರಿಸುವಂತಿಲ್ಲ.

ಒಂದು ತಪ್ಪು ತಿಳಿವಳಿಕೆ ಬೇಡ. ಈ ಕಾಯ್ದೆಯಿಂದ ಎಲ್ಲ ಸಾಲವೂ ಮನ್ನಾ ಆಗುವುದಿಲ್ಲ. ಪರವಾನಗಿ, ನೋಂದಣಿ ಇಲ್ಲದವರು ದುರ್ಬಲ ವರ್ಗದವರಿಗೆ ಕೊಟ್ಟ ಸಾಲಕ್ಕೆ ಮಾತ್ರ ಆ ರಕ್ಷಣೆ ಇದೆ. ಬ್ಯಾಂಕು ಮತ್ತು ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಸಂಸ್ಥೆಗಳ ಸಾಲವನ್ನು ತೀರಿಸಲೇಬೇಕು. ಕಷ್ಟವಿದ್ದರೆ ಕಂತು ಬದಲಿಸಿಕೊಡುವಂತೆ ಲಿಖಿತವಾಗಿ ಕೇಳಿ, ಪ್ರತಿ ಇಟ್ಟುಕೊಳ್ಳಿ.

ಎಲ್ಲಿ ದೂರು ಕೊಡಬೇಕು?

* ಬೆದರಿಕೆ, ಹಲ್ಲೆ ಇದ್ದರೆ: 112 ಅಥವಾ ಹತ್ತಿರದ ಪೊಲೀಸ್ ಠಾಣೆ.
* ನೋಂದಾಯಿತ ಸಂಸ್ಥೆಯ ವಿರುದ್ಧ: ಮೊದಲು ಸಂಸ್ಥೆಗೆ ಲಿಖಿತ ದೂರು. 30 ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ. ಶುಲ್ಕವಿಲ್ಲ. ಮಾಹಿತಿಗೆ 14448.
* ಸೇವೆಯ ಲೋಪ, ವಿಮೆ ಹಣ ಬಾರದಿರುವುದು: ಗ್ರಾಹಕ ಸಹಾಯವಾಣಿ 1915, ಇಲ್ಲವೇ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಮೊತ್ತ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು.
* ಉಚಿತ ವಕೀಲರ ನೆರವು: ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, 15100. ಮಹಿಳೆಯರಿಗೆ ಆದಾಯದ ಮಿತಿ ಇಲ್ಲ.

ಸಮಾಜದ ಹೊಣೆ

ಶ್ರಾವಕರ ಅಣುವ್ರತಗಳಲ್ಲಿ ಪರಿಗ್ರಹ ಪರಿಮಾಣವೂ ಒಂದು. ಇಷ್ಟೇ ಸಾಕು ಎಂದು ಮಿತಿ ಹಾಕಿಕೊಳ್ಳುವ ಆ ವ್ರತ ಸಾಲಕ್ಕೂ ಅನ್ವಯಿಸುತ್ತದೆ. ಮದುವೆ, ಗೃಹಪ್ರವೇಶಗಳ ಆಡಂಬರಕ್ಕೆ ಸಾಲ ಬೇಡ. ಆದರೆ ಕಾಯಿಲೆಗೋ ಬಿತ್ತನೆಗೋ ಸಾಲ ಮಾಡಿ ಸೋತವರನ್ನು ಹೀನಾಯವಾಗಿ ಕಾಣುವುದು ಧರ್ಮವಲ್ಲ. ಚಾಮರಾಜನಗರದ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದವನು ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸ. ನಷ್ಟಹೊಂದಿದ ವ್ಯಾಪಾರಿಗಳಿಗೆ, ಬಿತ್ತಲು ಬೀಜವಿಲ್ಲದ ರೈತರಿಗೆ ಅವನು ಕಳೆದುಹೋದುದನ್ನು ಕೊಟ್ಟು ಸಲಹಿದನೆಂದು 1117ರ ಶಾಸನ ಹೇಳುತ್ತದೆ.

ಅಷ್ಟು ನೆರವು ಎಲ್ಲರಿಂದ ಆಗದು. ಆದರೆ ಪ್ರತಿ ಊರಿನ ಬಸದಿಯಲ್ಲಿ ತಿಂಗಳಿಗೊಂದು ದಿನ, ಓದುಬರಹ ಬಲ್ಲ ಒಬ್ಬರು ಕುಳಿತು, ಅಕ್ಕಪಕ್ಕದವರ ಸಾಲದ ಕಾರ್ಡು ಓದಿ ಹೇಳಬಹುದು, ಒಂದು ದೂರು ಬರೆದುಕೊಡಬಹುದು. ಕಾಟ ಶುರುವಾದಾಗ ಊರು ಬಿಡುವ ಬದಲು ಬಸದಿಗೆ ಬಂದು ಹೇಳಿಕೊಳ್ಳುವ ಧೈರ್ಯ ಅವರಿಗೆ ಬರಲಿ.

ಜೈ ಜಿನೇಂದ್ರ.