ಒತ್ತಡವನ್ನು ಮರಳಿ ಕಸಿಯುವ ಉರುಳೆ

‘ಮೂರು ಕಡೆ ಕಡಲು ಇಟ್ಟುಕೊಂಡು ನೀರಿಗೆ ಬಡಿದಾಡುತ್ತೇವಲ್ಲ ಸಾರ್, ಕಾಯಿಸಿ ಆವಿ ಹಿಡಿದರೆ ಮುಗಿಯಲಿಲ್ಲವೇ?’ ಎಂದು ಓದುಗರೊಬ್ಬರು ಕೇಳಿದ್ದಾರೆ.

ಮುಗಿಯುವುದು ಇಂಧನ! ಸಾವಿರ ಲೀಟರ್ ನೀರನ್ನು ಆವಿಯಾಗಿಸಲು ಆರುನೂರು ಯೂನಿಟ್ಟಿಗೂ ಮಿಗಿಲಾದ ಶಾಖ ಬೇಕು. ಅದೇ ಶಾಖವನ್ನು ಮತ್ತೆ ಮತ್ತೆ ದುಡಿಸಿಕೊಳ್ಳುವ ಉಪಾಯಗಳೇನೋ ಇವೆ. ಕೊಲ್ಲಿ ದೇಶಗಳು ದಶಕಗಟ್ಟಲೆ ಹಾಗೆಯೇ ದಾಹ ತೀರಿಸಿಕೊಂಡವು. ಚೆನ್ನೈ ಬೇರೆ ದಾರಿ ಹಿಡಿಯಿತು. ಮೀಂಜೂರಿನಲ್ಲಿ 2010ರಲ್ಲಿ, ನೆಮ್ಮೇಲಿಯಲ್ಲಿ 2013ರಲ್ಲಿ ದಿನಕ್ಕೆ ತಲಾ 10 ಕೋಟಿ ಲೀಟರ್ ಸಾಮರ್ಥ್ಯದ ಘಟಕಗಳು ಶುರುವಾದವು. ಆದರೂ 2019ರ ಬರಗಾಲದಲ್ಲಿ ಜೋಲಾರ್‌ಪೇಟೆಯಿಂದ ರೈಲಿನಲ್ಲಿ ನೀರು ತರಿಸಬೇಕಾಯಿತು. 2024ರಲ್ಲಿ ನೆಮ್ಮೇಲಿಯಲ್ಲೇ 15 ಕೋಟಿ ಲೀಟರಿನ ಇನ್ನೊಂದು ಘಟಕ ಬಂತು. ಇಲ್ಲೆಲ್ಲೂ ನೀರು ಕಾಯಿಸುವುದಿಲ್ಲ.

ಕೆಲಸ ಮಾಡುವುದು ಪೊರೆ. ನಿಮ್ಮ ಅಡುಗೆಮನೆಯ ಗೋಡೆಯ ಮೇಲಿನ ಆರ್‌ಒ ಕೂಡ ಇದೇ ಜಾತಿ. ಇದನ್ನು ಕಾರ್ಖಾನೆಯ ಮಟ್ಟಕ್ಕೆ ತಂದ ಪೊರೆಯನ್ನು ಅಮೆರಿಕದಲ್ಲಿ ರೂಪಿಸಿದವರು ಸಿಡ್ನಿ ಲೋಬ್ ಮತ್ತು ನಮ್ಮ ದೇಶದಿಂದ ಹೋದ ಶ್ರೀನಿವಾಸ ಸೌರಿರಾಜನ್. ಉಪ್ಪನ್ನು ಹಿಂದೆ ಬಿಟ್ಟು ನೀರಷ್ಟೇ ಪೊರೆ ದಾಟಬೇಕೆಂದರೆ ಕಡಲ ನೀರನ್ನು ಸುಮಾರು 60 ಬಾರ್ ಒತ್ತಡದಲ್ಲಿ ದಬ್ಬಬೇಕು. ಅಂದರೆ 600 ಮೀಟರ್ ಎತ್ತರದ ನೀರಿನ ಕಂಬದ ಭಾರ.

ಸ್ವಾರಸ್ಯ ಇರುವುದು ಇದರಾಚೆಗೆ. ಒಳಹೋದ ನೀರಿನಲ್ಲಿ ಅರ್ಧಕ್ಕಿಂತ ಕಡಿಮೆ ಪಾಲು ಸಿಹಿನೀರಾಗಿ ಬರುತ್ತದೆ. ಉಳಿದದ್ದು ಇನ್ನಷ್ಟು ಉಪ್ಪಾಗಿ ಹೊರಬೀಳುತ್ತದೆ, ಆದರೆ ಒತ್ತಡವನ್ನು ಹೆಚ್ಚುಕಡಿಮೆ ಹಾಗೆಯೇ ಹೊತ್ತುಕೊಂಡು! ಅದನ್ನು ಸುಮ್ಮನೆ ಕಡಲಿಗೆ ಬಿಟ್ಟರೆ ಅರ್ಧ ಕರೆಂಟನ್ನೇ ಕಡಲಿಗೆ ಸುರಿದಂತೆ. ನಾರ್ವೆಯ ಲೈಫ್ ಹೌಗೆ ಎಂಬ ಎಂಜಿನಿಯರ್ ಇದಕ್ಕೊಂದು ಸೆರಾಮಿಕ್ ಉರುಳೆ ಮಾಡಿದ. ರಿವಾಲ್ವರಿನ ಗುಂಡಿನ ಡ್ರಮ್ಮಿನಂತೆ ಇದರ ಉದ್ದಕ್ಕೂ ಕೊಳವೆಗಳಿವೆ. ಒಂದು ತುದಿಯಿಂದ ಒತ್ತಡ ತುಂಬಿದ ಉಪ್ಪುನೀರು ನುಗ್ಗಿ, ಕೊಳವೆಯಲ್ಲಿ ಕಾದಿರುವ ಹೊಸ ಕಡಲ ನೀರನ್ನು ನೇರವಾಗಿ ನೂಕಿ ತನ್ನ ಒತ್ತಡವನ್ನು ದಾಟಿಸುತ್ತದೆ. ಉರುಳೆ ತಿರುಗುತ್ತದೆ, ಸುಸ್ತಾದ ಉಪ್ಪುನೀರು ಹೊರಕ್ಕೆ, ಮತ್ತೆ ಹೊಸ ನೀರು ಒಳಕ್ಕೆ. ನಡುವೆ ಗೋಡೆಯಿಲ್ಲ, ಪಿಸ್ಟನ್ ಇಲ್ಲ. ಎರಡೂ ನೀರು ಮೈಗೆ ಮೈ ತಾಗಿಸಿಕೊಂಡೇ ಇರುತ್ತವೆ, ಬೆರೆಯಲು ಮಾತ್ರ ಪುರುಸೊತ್ತಿಲ್ಲ! ನೂರರಲ್ಲಿ 95ಕ್ಕೂ ಹೆಚ್ಚು ಪಾಲು ಶಕ್ತಿ ವಾಪಸು. ಇದನ್ನು ತಿರುಗಿಸಲು ಮೋಟಾರೂ ಬೇಡ, ನೀರಿನ ಹರಿವೇ ತಿರುಗಿಸುತ್ತದೆ. ಪೊರೆಗಳ ಸುಧಾರಣೆಯೊಂದಿಗೆ ಇಂಥ ಯಂತ್ರಗಳೂ ಸೇರಿ ಸಾವಿರ ಲೀಟರಿನ ಖರ್ಚು ಇಂದು ಮೂರು-ನಾಲ್ಕು ಯೂನಿಟ್ಟಿಗೆ ಇಳಿದಿದೆ.

ಇದು ‘ಸತ್ತ ನೀರು’, ಕುಡಿದರೆ ಮೂಳೆ ಸವೆಯುತ್ತದೆ ಎಂದು ವಾಟ್ಸ್‌ಆ್ಯಪಿನಲ್ಲಿ ಹೆದರಿಸುವವರಿದ್ದಾರೆ. ನಲ್ಲಿಗೆ ಬಿಡುವ ಮುನ್ನ ಸುಣ್ಣ ಅಥವಾ ಸುಣ್ಣಕಲ್ಲಿನಿಂದ ಖನಿಜ ಸೇರಿಸುತ್ತಾರೆ, ನಿಶ್ಚಿಂತೆಯಿಂದ ಕುಡಿಯಿರಿ. ಚಿಂತೆ ಮಾಡಲೇಬೇಕೆಂದಿದ್ದರೆ ಕಡಲಿಗೆ ಮರಳುವ ಆ ಗಾಢ ಉಪ್ಪುನೀರಿನ ಬಗ್ಗೆ ಮಾಡಿ. ಸರಿಯಾಗಿ ಚದುರಿಸದಿದ್ದರೆ ಅದು ಭಾರಕ್ಕೆ ತಳದಲ್ಲೇ ನಿಂತು ಅಲ್ಲಿನ ಜೀವಿಗಳಿಗೆ ಮುಳುವಾಗುತ್ತದೆ.

ಹಾಗಾದರೆ ಬೆಂಗಳೂರಿಗೂ ಮಂಗಳೂರಿನಿಂದ ಪೈಪು ಎಳೆಯೋಣವೇ? ಲೆಕ್ಕ ಹಾಕಿ ನೋಡಿ. ಬೆಂಗಳೂರು ಕಡಲಮಟ್ಟಕ್ಕಿಂತ 900 ಮೀಟರ್ ಮೇಲಿದೆ. ಸಾವಿರ ಲೀಟರನ್ನು ಅಷ್ಟೆತ್ತರಕ್ಕೆ ಏರಿಸಲು ಪಂಪು ಒಂದು ಚೂರೂ ಪೋಲು ಮಾಡದಿದ್ದರೂ ಎರಡೂವರೆ ಯೂನಿಟ್ ಬೇಕು. ಪಂಪಿನ ನಷ್ಟ, ನೂರಾರು ಕಿಲೋಮೀಟರ್ ಪೈಪಿನ ತಿಕ್ಕಾಟ ಸೇರಿಸಿದರೆ ಉಪ್ಪು ತೆಗೆದಷ್ಟೇ ಕರೆಂಟು ಸಾಗಣೆಗೂ ಬೇಕು. ಕಾವೇರಿಯನ್ನು ಸುಮಾರು 500 ಮೀಟರ್ ಎತ್ತುವುದೇ ನಮಗೆ ದುಬಾರಿ. ಕಡಲ ನೀರಿಗಿಂತ ಎಷ್ಟೋ ಪಟ್ಟು ಕಡಿಮೆ ಉಪ್ಪಿರುವ ನೀರು ಬೆಂಗಳೂರಿನ ಚರಂಡಿಗಳಲ್ಲೇ ಹರಿಯುತ್ತಿದೆ. ಪೊರೆಗೆ ಒಡ್ಡುವುದಾದರೆ ಮೊದಲು ಅದನ್ನು ಒಡ್ಡಬೇಕು.